ಗೋಡೆಯಾಚೆಯ ತವರು

ಮೊನ್ನೆ ನಿಪ್ಪಾಣಿ ಬಸ್ಸಿನಲ್ಲಿ ಮುಂದಿನ ಸೀಟಿನಾಕೆಯ ಮೊಬೈಲು ತವರಿನ ಹಾಡೊಂದನ್ನು ಹಾಡತೊಡಗಿತು. ಹಳೆಯ ಬೀಸುವ ಪದ. ಯಾರೋ ಅದಕ್ಕೆ ಡಂಡಂ ಎನ್ನುವ ಬಾಜಾ ಸೇರಿಸಿದ್ದರು. ಆದರೂ ಕಿಟಕಿಯ ಪಕ್ಕದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆತು ನಿಂತ. ನನಗೆ ಮಾತ್ರ ನಗು ಬಂತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಅದನ್ನು ಹಾಡುವುದನ್ನು ಕೇಳಿದ್ದರೆ ನಿಮಗೂ ಬರುತ್ತಿತ್ತು.

ಚಿಕ್ಕೋಡಿ ಹತ್ತಿರದ ಕರೋಶಿಯಲ್ಲಿದ್ದ ನಮ್ಮ ಆ ಮನೆ ಈಗಿಲ್ಲ. ಜೋಳಕ್ಕೆ ಗಿರಣಿ ಬಂದಿದ್ದರೂ ಹುರಿಗಡಲೆಗೆ ಬೀಸುವ ಕಲ್ಲೇ ಬೇಕೆಂಬುದು ಆಯಿಯ ಹಠ. ಕಲ್ಲು ತಿರುಗಿದರೆ ಹಾಡು, ಹಾಡು ಕೇಳಿದರೆ ಓಣಿಯ ಹೆಂಗಸರು. ಹಾಡಿನಲ್ಲಿ ತವರು ಏಳು ಹೊಳೆ, ಏಳು ಗುಡ್ಡದ ಆಚೆ; ಅಣ್ಣತಮ್ಮಂದಿರ ಬಂಡಿ ಬರುವುದೇ ಇಲ್ಲ. ಕೊಲ್ಲಾಪುರದ ಕಡೆಯಿಂದ ಬಂದ ಹೊಸ ಸೊಸೆಯೊಬ್ಬಳಿಗೆ ಕನ್ನಡ ಒಂದಕ್ಷರ ತಿಳಿಯುತ್ತಿರಲಿಲ್ಲ; ಎಲ್ಲರಿಗಿಂತ ಹೆಚ್ಚು ಅಳುತ್ತಿದ್ದವಳು ಅವಳೇ. ಆಯಿಯ ತವರಾದರೋ ನಮ್ಮ ಹಿತ್ತಲ ಗೋಡೆಯ ಆಚೆ ಇತ್ತು. ಅವಳ ತಮ್ಮ ಕೆಮ್ಮಿದರೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. “ಅಲ್ಲಬೇ, ಗ್ವಾಡಿ ಹಾರಿದ್ರ ನಿನ್ನ ತವರಮನಿ. ಯಾವ ಹೊಳಿ ದಾಟಾಕಿ ನೀ?” ಎಂದು ಮುತ್ಯಾ, ಅವಳ ಗಂಡ, ಕಾಡುತ್ತಿದ್ದ.

ಒಂದು ದಿನ ಹೆಂಗಸರೆದುರಿಗೇ ಹಾಗೆಂದುಬಿಟ್ಟ. ಎಲ್ಲರೂ ಗೊಳ್ಳೆಂದು ನಕ್ಕರು. ಆಯಿ ಕಲ್ಲು ಬಿಟ್ಟೆದ್ದಳು. “ಹೊಂಟೆ ನಾ ತವರಿಗೆ!” ಇಳಕಲ್ ಸೀರೆ ಉಟ್ಟು, ಗಂಟು ಕಟ್ಟಿ, ನನ್ನ ಕೈ ಹಿಡಿದು ಹೊರಟಳು. ಹಿತ್ತಲ ಕಡೆಗಲ್ಲ, ಬಸ್ ಸ್ಟ್ಯಾಂಡಿಗೆ! ಚಿಕ್ಕೋಡಿಗೆ ಹೋಗಿ, ಅಲ್ಲಿ ಚಹಾ ಕುಡಿದು, ತಿರುಗಿ ಅದೇ ಕರೋಶಿಗೆ ಬಂದಿಳಿದು, ಧೂಳು ತಿಂದ ಮುಖದಲ್ಲಿ ತಮ್ಮನ ಬಾಗಿಲಿಗೆ ನಿಂತಳು. ಗೋಡೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ತಮ್ಮ ನಗಲಿಲ್ಲ. “ಬಾ ಅಕ್ಕಾ, ಭಾಳ ದೂರದಿಂದ ಬಂದಿ. ದಣದಿರಬೇಕು,” ಎಂದು ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಟ್ಟ. ಆಯಿ ಅವನನ್ನು ಹಿಡಿದುಕೊಂಡು ಅತ್ತಳು.

ಸಂಜೆ ಗೋಡೆಯ ಮೇಲೆ ಮುತ್ಯಾನ ತಲೆ ಕಂಡಿತು. “ಚಾಪುಡಿ ಡಬ್ಬಿ ಎಲ್ಲಿಟ್ಟೀಬೇ?” ಆಯಿ ನನ್ನ ಕಡೆ ತಿರುಗಿದಳು: “ಮುತ್ಯಾಗ ಹೇಳು, ಆಯಿ ಪರಊರಾಗ ಅದಾಳ. ಇಲ್ಲೀತನಕ ದನಿ ಕೇಳಸೂದಿಲ್ಲ.”

ಮರುದಿನ ಮುತ್ಯಾ ತಲೆಗೆ ಹೊಸ ಪಟಕ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆಯಿಂದಲೇ ನಡೆದು ಬಂದ. “ಬಸ್ ಲಗೂನ ಸಿಗಲಿಲ್ರಿ, ತಡ ಆತು,” ಎಂದು ಮೈದುನನಿಗೆ ಕೈಮುಗಿದ. ತಮ್ಮ ಅಕ್ಕನ ಉಡಿ ತುಂಬಿ ಕಳಿಸಿದ.

ಕೆಲವು ವರ್ಷಗಳಲ್ಲಿ ಆ ತಮ್ಮ ತೀರಿಕೊಂಡ. ಮಕ್ಕಳು ಮನೆ ಮಾರಿ ಸದಲಗಾಕ್ಕೆ ಹೋದರು. ಆಯಿ ಹಾಡುವುದನ್ನೇ ಬಿಟ್ಟಳು. ಕೇಳಲು ಬಂದವರು ಸುಮ್ಮನೆ ಕುಳಿತು ಎದ್ದು ಹೋಗುತ್ತಿದ್ದರು. ಒಂದು ಮುಂಜಾನೆ ಮುತ್ಯಾ ತಾನೇ ಕಲ್ಲಿನ ಮುಂದೆ ಕಾಲು ಚಾಚಿ ಕುಳಿತು ಗೂಟ ಹಿಡಿದ. “ನಾ ಬೀಸ್ತೀನಿ. ನೀ ಹಾಡು.” ಆಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಕುಳಿತಳು. ಆಮೇಲೆ ದನಿ ತೆಗೆದಳು. ಮುತ್ಯಾನಿಗೆ ಬೀಸಲು ಬರುತ್ತಿರಲಿಲ್ಲ. ಹಿಟ್ಟೆಲ್ಲ ತರಿತರಿಯಾಗಿ ಉದುರಿತು. ಆಯಿ ಇನ್ನೊಂದು ಹಿಡಿ ಕಡಲೆ ಹಾಕಿ, ಮುಂದಿನ ನುಡಿ ಎತ್ತಿಕೊಂಡಳು.