ಉಸಿರಾಡುತ್ತಿದ್ದೇನೆ ಎಂದು ನೋಡಿ ಹೋದವರು

ನನಗೆ ಗುದ್ದಿದ ಕಾರಿನ ಬಣ್ಣ ಯಾವುದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಅದರೊಳಗಿದ್ದ ಒಬ್ಬ ಹೆಂಗಸಿನ ದನಿ ಮಾತ್ರ.

ಇರಕಲ್ಲಗಡದ ನಮ್ಮ ಮನೆಯಿಂದ ನಾನು ಪಾಠ ಹೇಳುವ ಶಾಲೆಗೆ ನಾಲ್ಕೂವರೆ ಕಿಲೋಮೀಟರ್. ಬೆಳಗಿನ ಬಸ್ಸಿನ ವೇಳೆ ಬದಲಾದ ಮೇಲೆ, ಮಗಳು ಕಾಲೇಜಿಗೆ ಸೇರಿ ಮೂಲೆಗೆ ನಿಲ್ಲಿಸಿ ಹೋಗಿದ್ದ ಸೈಕಲ್ಲನ್ನು ಒರೆಸಿ ಹೊರಗೆ ತೆಗೆದೆ. ಆಗ ನನಗೆ ನಲವತ್ತೇಳು. ಸೀರೆಯ ನಿರಿಗೆಗೆ ಪಿನ್ನು ಚುಚ್ಚಿಕೊಂಡು ಹೊರಟರೆ ಕಟ್ಟೆಯ ಮೇಲೆ ಕೂತವರು, "ಅಕ್ಕೋರು ಸೈಕಲ್ ಹತ್ಯಾರ ನೋಡ್ರಪಾ" ಎಂದು ನಗುತ್ತಿದ್ದರು. ಒಂದು ತಿಂಗಳಲ್ಲಿ ಅವರಿಗೇ ಬೇಸರ ಬಂತು. ನನಗೆ ಮಾತ್ರ ಆ ಇಪ್ಪತ್ತು ನಿಮಿಷ ದಿನದ ಅತಿ ಒಳ್ಳೆಯ ಹೊತ್ತಾಯಿತು.

ಅಂದು ಮಂಗಳವಾರ, ಹುಲಿಗೆಮ್ಮನ ವಾರ. ಹುಲಿಗಿಗೆ ಹೋಗುವ ಗಾಡಿಗಳು ಬೆಳಿಗ್ಗೆಯೇ ಓಡಾಡುತ್ತಿದ್ದವು. ನಾನು ರಸ್ತೆಯ ಎಡ ಅಂಚು ಬಿಟ್ಟಿರಲಿಲ್ಲ. ಹಾರ್ನ್ ಕೇಳಲಿಲ್ಲ, ಬ್ರೇಕಿನ ಸದ್ದೂ ಕೇಳಲಿಲ್ಲ. ಯಾರೋ ಹಿಂದಿನಿಂದ ಎತ್ತಿ ಒಗೆದ ಹಾಗಾಯಿತು. ಕಣ್ಣು ಬಿಟ್ಟಾಗ ಸಜ್ಜೆ ಹೊಲದ ಬದುವಿನಲ್ಲಿ ಬೋರಲು ಬಿದ್ದಿದ್ದೆ. ಕನ್ನಡಕ ಇರಲಿಲ್ಲ, ಬಾಯಿ ತುಂಬ ಮಣ್ಣು. ಕೈ ಎತ್ತಲು ನೋಡಿದೆ, ಅದು ನನ್ನ ಕೈಯೇ ಅಲ್ಲವೆಂಬಂತೆ ಸುಮ್ಮನೆ ಬಿದ್ದಿತ್ತು.

ಕಾರು ಮುಂದೆ ಹೋಗಿ ನಿಂತಿತು. ಬಾಗಿಲು ತೆರೆದ ಸದ್ದು ಬಂತು. ಹೆಜ್ಜೆಗಳು ನನ್ನ ತಲೆಯ ಹತ್ತಿರದವರೆಗೆ ಬಂದವು. ದೇವರು ದೊಡ್ಡವನು, ಇನ್ನು ಎತ್ತುತ್ತಾರೆ ಎಂದುಕೊಂಡೆ.

"ಉಸಿರಾಡಾಕತ್ತಾಳ," ಎಂದಿತು ಗಂಡಸಿನ ದನಿ.

"ಹಂಗಾರ ನಡೀರಿ, ಹೊತ್ತಾಗ್ತೈತಿ," ಎಂದಳು ಕಾರಿನಲ್ಲಿದ್ದವಳು. 'ಹೊತ್ತಾ' ಎನ್ನುವಲ್ಲಿ ಸ್ವಲ್ಪ ಎಳೆದಳು, ಮನೆಯ ಅಂಗಳದಲ್ಲಿ ನಿಂತು ಮಾತಾಡುವವರ ಹಾಗೆ. ಬಾಗಿಲು ಮುಚ್ಚಿತು. ಹೋದರು.

ಎಷ್ಟು ಹೊತ್ತು ಬಿದ್ದಿದ್ದೆನೋ. ಕಳೆ ತೆಗೆಯಲು ಹೊರಟಿದ್ದ ಹೆಂಗಸರ ಟಂಟಂ ಆಟೋ ಒಂದು ಬಂತು. "ಯವ್ವಾ, ಸಾಲಿ ಅಕ್ಕೋರಲ್ಲೇನು!" ಎಂದು ಒಬ್ಬಾಕೆ ಕೂಗಿದಳು. ಐದಾರು ಜನ ಇಳಿದು, ನನ್ನನ್ನು ಸೀರೆಯೊಂದರ ಮೇಲೆ ಉರುಳಿಸಿ, ಹಾಗೇ ಎತ್ತಿ ಗಾಡಿಯೊಳಗೆ ಮಲಗಿಸಿದರು. ಕೊಪ್ಪಳದವರೆಗೂ ಒಬ್ಬಾಕೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಮಲಗಬ್ಯಾಡ್ರಿ, ಮಗ್ಗಿ ಹೇಳ್ರಿ ಅಕ್ಕೋರ, ಮಗ್ಗಿ ಹೇಳ್ರಿ" ಎನ್ನುತ್ತಿದ್ದಳು. ಹದಿಮೂರರ ಮಗ್ಗಿಯವರೆಗೆ ಹೇಳಿದ ನೆನಪಿದೆ. ಅಂದು ಅವರ ಕೂಲಿ ತಪ್ಪಿತು. ಒಬ್ಬರೂ ಆ ಮಾತು ಎತ್ತಲಿಲ್ಲ.

ಬಲಗಾಲಿನ ಎಲುಬು ಮುರಿದಿತ್ತು, ಕೊರಳಿನ ಹತ್ತಿರದ್ದೂ ಮುರಿದಿತ್ತು. ಮೂರನೆಯ ದಿನ ಪೊಲೀಸ್ ಠಾಣೆಯಿಂದ ಒಬ್ಬ ಹವಾಲ್ದಾರರು ಆಸ್ಪತ್ರೆಗೆ ಬಂದರು. ವಯಸ್ಸಾದವರು, ಮರ್ಯಾದಸ್ಥರು.

"ನಂಬರ ನೋಡೀರೇನ್ರಿ?"

"ಇಲ್ರಿ."

"ಬಣ್ಣ?"

"ಗೊತ್ತಿಲ್ರಿ."

"ಮತ್ತೇನ್ ಗೊತ್ತೈತ್ರಿ ಅಕ್ಕೋರ?"

"ದನಿ ಗೊತ್ತೈತ್ರಿ."

ಅವರು ಪೆನ್ನು ಹಿಡಿದುಕೊಂಡೇ ಕೂತರು. "ದನಿ ಹೆಂಗ್ ಬರೀಲ್ರಿ ನಾ?" ಎಂದರು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಅವರಿಗೆ ತಿಳಿಯದೆ ಕೇಳಿದ್ದರು.

ಆಮೇಲೆ ಎರಡೂವರೆ ತಿಂಗಳು ಮಂಚ. ನಾನು ಒಂದು ಕಡೆ ಕೂರುವವಳಲ್ಲ. ಪಾಠ ಮಾಡುವಾಗಲೂ ಕುರ್ಚಿ ಮುಟ್ಟಿದವಳಲ್ಲ. ಪ್ಲಾಸ್ಟರಿನೊಳಗೆ ಕಾಲು ತುರಿಸಿದರೆ ಶಾಲೆಯ ಸ್ಕೇಲನ್ನು ತೂರಿಸಿ ಕೆರೆದುಕೊಳ್ಳುತ್ತಿದ್ದೆ. ತಲೆಯೊಳಗಿನ ತುರಿಕೆಗೆ ಯಾವ ಸ್ಕೇಲೂ ಇರಲಿಲ್ಲ. ಸತ್ತಿದ್ದರೆ ಅವರು ಓಡಿಹೋಗುತ್ತಿದ್ದರು, ಅದು ನನಗೆ ಅರ್ಥವಾಗುತ್ತಿತ್ತು. ಬದುಕಿದ್ದೇನೆ ಎಂದು ಖಾತ್ರಿ ಮಾಡಿಕೊಂಡು ಹೋದರಲ್ಲ! ಗೊಬ್ಬರದ ಅಂಗಡಿಯಿಂದ ನನ್ನ ಗಂಡ ಊಟಕ್ಕೆ ಬಂದಾಗಲೆಲ್ಲ ಅದನ್ನೇ ಹೇಳುತ್ತಿದ್ದೆ. "ಜೀವ ಉಳೀತಲ್ಲ, ಬಿಡು ಇನ್ನ," ಎನ್ನುತ್ತಿದ್ದರು. ಬಿಡುವುದು ಹೇಗೆಂದು ಅವರೂ ಹೇಳಲಿಲ್ಲ.

ನೋಡಲು ಜನ ಬರುತ್ತಲೇ ಇದ್ದರು. ಬಂದವರೆಲ್ಲ ಹೋಗುವಾಗ ಹೇಳುತ್ತಿದ್ದುದು ಅದೇ ಮಾತು: "ಹೊತ್ತಾಗ್ತೈತಿ, ನಡೀರಿ." ಪ್ರತಿ ಸಲವೂ ತಟ್ಟನೆ ಹೇಳಿದವರ ಮುಖ ನೋಡುತ್ತಿದ್ದೆ. ಶಾಲೆಯ ಅಡುಗೆಯಾಕೆ ಹೇಳಿದರೂ, ಸ್ವಂತ ಅತ್ತಿಗೆ ಹೇಳಿದರೂ. ಪ್ಲಾಸ್ಟರ್ ತೆಗೆದ ಮೇಲೆ ಕುಷ್ಟಗಿಯಲ್ಲಿ ಒಂದು ಮದುವೆಗೆ ಹೋಗಿ, ಹೆಂಗಸರ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತು ಒಂದೊಂದೇ ದನಿ ಆರಿಸುತ್ತಿದ್ದೆ. ಪಕ್ಕದವರು ತಲೆ ಸುತ್ತುತ್ತಿದೆಯೇನೋ ಎಂದು ನೀರು ಕೊಟ್ಟರು.

ಆ ಮದುವೆಯಲ್ಲಿಯೇ ಅದು ಕೇಳಿಸಿತು. 'ಹೊತ್ತಾ' ಎಂದು ಎಳೆದದ್ದು. ಕಣ್ಣು ಬಿಟ್ಟೆ. ಗಂಡನಿಗೆ ಕಾರು ತೆಗೆಯಲು ಹೇಳುತ್ತ ನಿಂತಿದ್ದವಳು ತಾವರಗೇರಾದ ನಮ್ಮ ನೆಗೆಣ್ಣಿ, ನನ್ನ ಗಂಡನ ಕಾಕನ ಮಗನ ಹೆಂಡತಿ. ನಾನು ಮಂಚದ ಮೇಲಿದ್ದಷ್ಟು ದಿನ ಬಳಗದವರೆಲ್ಲ ಬಂದಿದ್ದರು, ಅವರಿಬ್ಬರು ಮಾತ್ರ ಬಂದಿರಲಿಲ್ಲ. ಅವರ ಮನೆದೇವರು ಹುಲಿಗೆಮ್ಮ. ಒಂದಕ್ಕೊಂದು ಗಂಟು ಬಿದ್ದವು.

ನಾಲ್ಕು ದಿನ ಅನ್ನ ಸೇರಲಿಲ್ಲ. ಐದನೆಯ ದಿನ ಯಾರಿಗೂ ಹೇಳದೆ ತಾವರಗೇರಾದ ಬಸ್ಸು ಹತ್ತಿದೆ. ಮಧ್ಯಾಹ್ನ. ಮನೆಯಲ್ಲಿ ನೆಗೆಣ್ಣಿ ಒಬ್ಬಳೇ ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡು ಮೊರ ಸರಿಸಿ ಎದ್ದಳು. ನಾನು ಕೂರಲಿಲ್ಲ.

"ನನ್ನ ಹೊಡದು ಹೋದವ್ರು ನೀವಽ ಏನು?" ಎಂದೆ.

ಅವಳು ಬೈಯುತ್ತಾಳೆ, ಅಳುತ್ತಾಳೆ, ಹೊರಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತಳು.

"ನಿಮ್ಮನ್ನಲ್ಲಕ್ಕ," ಎಂದಳು. "ನಿಮ್ಮನ್ನ ಅಲ್ಲ."

"ಅಂದ್ರ?"

"ಅವತ್ತ ನಾವು ಗಂಗಾವತ್ಯಾಗ ಇದ್ವಿ, ನಮ್ಮ ಅಣ್ಣನ ಮನ್ಯಾಗ. ಬೇಕಾದ್ರ ಕೇಳ್ರಿ." ನೆಲದ ಮೇಲಿನ ಶೇಂಗಾ ಸಿಪ್ಪೆಯನ್ನು ಬೆರಳಿನಿಂದ ಒಟ್ಟುಮಾಡುತ್ತ ಮುಂದುವರಿಸಿದಳು. "ಹೋದ ವರ್ಷ ಯಲಬುರ್ಗಾ ರಸ್ತ್ಯಾಗ ಒಬ್ಬ ಅಜ್ಜಗ ಹೊಡದ್ವಿ. ಸೈಕಲ್ ಮ್ಯಾಲ ಹಾಲಿನ ಕ್ಯಾನ್ ಕಟಗೊಂಡು ಹೊಂಟಿದ್ದ. ಇವರು ನಿಲ್ಲಸಲಿಲ್ಲ. ನಾನೂ ನಿಲ್ಲಸ್ರಿ ಅನ್ನಲಿಲ್ಲಕ್ಕ. ಕನ್ನಡ್ಯಾಗ ನೋಡಿದ್ರ ರಸ್ತಿ ತುಂಬ ಹಾಲು. ಅದಾನೋ ಹೋಗ್ಯಾನೋ ಗೊತ್ತಿಲ್ಲ. ನಿಮ್ಮ ಸುದ್ದಿ ಕೇಳಿದ ಮ್ಯಾಲ ನಿಮ್ಮ ಮುಂದ ಬಂದು ಕುಂದರಾಕ ಧೈರ್ಯ ಆಗಲಿಲ್ಲ ನನಗ."

ಅವಳಿಗೆ ಹೊಡೆಯಬೇಕು ಎನ್ನಿಸಿತು. ಜೊತೆಗೇ, ಗಂಗಾವತಿಯ ಮಾತು ನಿಜವೆಂದು ನನಗೆ ಆಗಲೇ ಗೊತ್ತಾಗಿಹೋಗಿತ್ತು. ಹತ್ತಿರದಿಂದ ಕೇಳಿದರೆ ಅವಳ ದನಿ ಆ ದನಿಯಷ್ಟು ದಪ್ಪವಿರಲಿಲ್ಲ. ನಾನು ಹೊಸ್ತಿಲವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಕೊನೆಗೆ, "ಭಾನುವಾರ ಯಲಬುರ್ಗಾ ಕಡೆ ಹೋಗೂಣು. ಇಬ್ರೂ," ಎಂದೆ. ಯಾಕೆ ಹಾಗೆ ಹೇಳಿದೆನೋ, ಮೊದಲೇ ಯೋಚಿಸಿದ್ದಲ್ಲ.

ಹಾಲಿನ ಸೈಕಲ್ಲಿನ ಅಜ್ಜನನ್ನು ಹುಡುಕುವುದು ಕಷ್ಟವಾಗಲಿಲ್ಲ. ರಸ್ತೆಯ ಪಕ್ಕದ ಹಳ್ಳಿಯ ಚಹಾ ಅಂಗಡಿಯಲ್ಲಿ ಕೇಳಿದ ತಕ್ಷಣ, "ಅದಾನ್ರಿ, ಹನಮಪ್ಪನ ಗುಡಿ ಹಿಂದಿನ ಮನಿ," ಎಂದರು. 'ಅದಾನ್ರಿ' ಎಂಬ ಮಾತು ಕೇಳಿ ನೆಗೆಣ್ಣಿ ಅಲ್ಲೇ ಬೆಂಚಿನ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು.

ಅಜ್ಜ ಬಾಗಿಲ ಮುಂದೆ ಹಗ್ಗ ಹೊಸೆಯುತ್ತಿದ್ದ. ಸೊಂಟ ಒಂದು ಕಡೆಗೆ ವಾಲಿತ್ತು, ಪಕ್ಕದಲ್ಲಿ ಕೋಲು. ನೆಗೆಣ್ಣಿ ಅವನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ಮುಚ್ಚಲಿಲ್ಲ. ಅಜ್ಜ ಹೊಸೆಯುವುದನ್ನು ನಿಲ್ಲಿಸಿ ಕೇಳಿದ. ಅವನ ಸೊಸೆ ಒಳಗಿನಿಂದ ಬಂದು ಕಂಬಕ್ಕೆ ಆತು ನಿಂತಳು. ಮಾತು ಮುಗಿದ ಮೇಲೆ ಅಜ್ಜ ನನ್ನ ಕಾಲಿನ ಕಡೆ ನೋಡಿದ. ನಾನು ಕುಂಟುತ್ತ ಬಂದದ್ದನ್ನು ಅವನು ಕಂಡಿದ್ದ.

"ನಿನಗೂ ಇವರಽ ಹೊಡದ್ರೇನವ್ವಾ?"

"ಇಲ್ಲಜ್ಜ, ಬ್ಯಾರೇದವ್ರು."

"ಅವ್ರು ಬಂದಿದ್ರೇನು ನಿನ್ನ ಕಡೆ?"

"ಇನ್ನೂ ಇಲ್ಲ."

ಅವನು ತಲೆಯಾಡಿಸಿದ. ಆಮೇಲೆ ನೆಗೆಣ್ಣಿಯ ಕಡೆ ತಿರುಗಿದ. "ನೀ ಬಂದಿ, ಛಲೋ ಆತು. ಆದ್ರ ಗಾಡಿ ನೀ ಹೊಡೀಲಿಲ್ಲಲ್ಲ. ಹೊಡದಾಂವ ಬರ್ಲಿ. ನನಗ ಅವನ ಕಡಿಂದ ಏನೂ ಬ್ಯಾಡ. ಬಂದು ಇಲ್ಲಿ ಕುಂದರ್ಲಿ, ಅಷ್ಟ." ಕ್ಷಮಿಸಿದ್ದೇನೆ ಎನ್ನಲಿಲ್ಲ. ಸೊಸೆ ಚಹಾ ತಂದಳು. ಕುಡಿದು ಎದ್ದೆವು, ಅಜ್ಜ ಮತ್ತೆ ಹಗ್ಗ ಕೈಗೆತ್ತಿಕೊಂಡ.

ವಾಪಸು ಬಸ್ಸಿನಲ್ಲಿ ನೆಗೆಣ್ಣಿ ಕಿಟಕಿಯ ಹೊರಗೆ ನೋಡುತ್ತ, "ಇವತ್ತಽ ಹೇಳ್ತೀನಿ ಅವರಿಗೆ," ಎಂದಳು. ಹೇಳಿದಳು. ಅವಳ ಗಂಡ ಮೂರು ವಾರ ಹೆಂಡತಿಯೊಂದಿಗೆ ಮಾತು ಬಿಟ್ಟ. ನಾಲ್ಕನೆಯ ವಾರ ಒಬ್ಬನೇ ಬಸ್ಸು ಹತ್ತಿ ಹೋಗಿ, ಇಡೀ ದಿನ ಆ ಬಾಗಿಲ ಮುಂದೆ ಕೂತು ಬಂದನಂತೆ. ಅಜ್ಜ ಏನೆಂದ, ಇವನು ಏನೆಂದ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ನನ್ನ ಎದುರಿಗೆ ಮಾತ್ರ ಬರುವುದಿಲ್ಲ. ಬಳಗದ ಕಾರ್ಯಗಳಲ್ಲಿ ನಾನು ಒಂದು ಬಾಗಿಲಿನಿಂದ ಒಳಗೆ ಬಂದರೆ ಅವನು ಇನ್ನೊಂದರಿಂದ ಹೊರಗೆ ಹೋಗುತ್ತಾನೆ. ಇದಕ್ಕೆ ನನ್ನ ಗಂಡನಿಗೆ ನನ್ನ ಮೇಲೆ ಇನ್ನೂ ಒಳಗೊಳಗೇ ಸಿಟ್ಟಿದೆ.

ಸುಗ್ಗಿ ಕಳೆದ ಮೇಲೆ ಠಾಣೆಯಿಂದ ಕರೆ ಬಂತು. ಆರೋಪಿ ಪತ್ತೆಯಾಗಿಲ್ಲ, ಕೇಸು ಮುಗಿಸುತ್ತಿದ್ದೇವೆ, ಬಂದು ಸಹಿ ಮಾಡಿ ಹೋಗಿ ಎಂದು. ಅದೇ ಹವಾಲ್ದಾರರು ಕಾಗದ ಮುಂದಿಟ್ಟರು. ಸಹಿ ಮಾಡಿದೆ.

"ನಾಳೆ ಅವ್ರಽ ಬಂದು, ನಾವು ಹೊಡದ್ವಿ ಅಂದ್ರ?" ಎಂದು ಕೇಳಿದೆ.

"ಯಾರ್ ಬರ್ತಾರ್ರಿ ಅಕ್ಕೋರ ಹಂಗ!" ಎಂದು ನಕ್ಕರು.

"ಬಂದವರನ್ನ ನೋಡೀನ್ರಿ ನಾ."

ಅವರ ನಗು ನಿಂತಿತು. ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, ಅದರ ಅಂಚಿನಲ್ಲಿ ಪೆನ್ಸಿಲಿನಿಂದ ನನ್ನ ಫೋನ್ ನಂಬರನ್ನು ಇನ್ನೊಂದು ಸಲ ಬರೆದಿಟ್ಟರು.