ಅಣ್ಣ ಅಲ್ಲ ಮಾರಾಯ

ದುಬೈಯ ಅಲ್ ಮುರಕ್ಕಬಾತ್‌ನ ಮಸೀದಿಯಲ್ಲಿ ಬೆಳಗಿನ ಬಾಂಗ್ ಇನ್ನೂ ಆಗಿಲ್ಲ. ರೆಸ್ಟೋರೆಂಟ್ ಸಾಲಿನ ಹಿಂದಿರುವ ಹಳೆಯ ಕಟ್ಟಡವೊಂದರ ಇಕ್ಕಟ್ಟಾದ ಅಡುಗೆಮನೆಯಲ್ಲಿ ಎವ್ಲಿನ್ ಇಸ್ತ್ರಿ ಹಲಗೆ ಬಿಡಿಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ. ಕುತ್ತಿಗೆಗೆ ಪಟ್ಟಿ, ಕಿವಿಗೆ ಇಯರ್‌ಫೋನ್, ಕೈಯ ಹತ್ತಿರ ಆರಿದ ಚಹಾ. ಮೇಜು ಯಾಕಿಲ್ಲ ಎಂದು ಕೇಳಿದರೆ, ಮೇಜು ಹಾಕಿದರೆ ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ ಎನ್ನುತ್ತಾರೆ.

ಪರದೆಯಲ್ಲಿ ಥಾಯ್ಲೆಂಡಿನ ಒಂದು ದೊಡ್ಡ ನದಿ. ದಡದ ಕೆಸರಿನಲ್ಲಿ ಗುಂಡೇಟು ತಿಂದ ಪೊಲೀಸ್ ಅಧಿಕಾರಿ ಬಿದ್ದಿದ್ದಾನೆ. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿರುವ ಕಿರಿಯ ಹುಡುಗ ನಾಗನ ಮರುಹುಟ್ಟು. ಹುಡುಗ ಬಾಗಿ ಒಂದೇ ಒಂದು ಪದ ಹೇಳುತ್ತಾನೆ: ‘ಪೀ’. ಎವ್ಲಿನ್ ಚಿತ್ರ ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಕೇಳುತ್ತಾರೆ. ಕೆಳಗೆ ಕನ್ನಡದಲ್ಲಿ ‘ಅಣ್ಣ’ ಎಂದು ಟೈಪ್ ಮಾಡಿ, ಅದನ್ನು ನೋಡುತ್ತಾ ಕೂತು, ಅಳಿಸುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲೆಂದು ನಾನು ಬಂದು ಕೂತ ಮೇಲೆ ಇದು ಎಷ್ಟನೆಯ ಸಲವೋ ಲೆಕ್ಕ ಇಟ್ಟಿಲ್ಲ.

ಎವ್ಲಿನ್ ಅಡಿಬರಹದವರು. ವಿದೇಶಿ ಧಾರಾವಾಹಿ ನೋಡುವಾಗ ಪರದೆಯ ತಳದಲ್ಲಿ ಕನ್ನಡ ಸಾಲುಗಳು ಬಂದು ಹೋಗುತ್ತವಲ್ಲ, ಅವನ್ನು ಯಾರೋ ಕೂತು ಬರೆದಿರುತ್ತಾರೆ ಎಂದು ನಾವ್ಯಾರೂ ಯೋಚಿಸಿರುವುದಿಲ್ಲ. ಒಂದು ಕಂತಿಗೆ ಐನೂರು, ಆರುನೂರು ಸಾಲು. ಸಾಲು ಉದ್ದವಾಗಬಾರದು, ನಟನ ಬಾಯಿ ಮುಚ್ಚುವ ಮೊದಲು ಓದಿ ಮುಗಿಯಬೇಕು, ಇಂಗ್ಲಿಷಿನಲ್ಲಿ ಬಂದದ್ದು ಕನ್ನಡದಲ್ಲಿ ಮಾತಾಡಿದ ಹಾಗೆ ಇರಬೇಕು. ಹಗಲಲ್ಲಿ ಅವರು ಒಂದು ಕ್ಲಿನಿಕ್ಕಿನ ರಿಸೆಪ್ಷನಿಸ್ಟ್. ಇನ್ಶೂರೆನ್ಸ್ ಕಾರ್ಡು ನೋಡುವುದು, ರೋಗಿಗಳ ಸಿಟ್ಟು ಕೇಳುವುದು, ಸಂಜೆ ಕಾಲು ಊದಿಸಿಕೊಂಡು ಬರುವುದು. ಗಂಡ ಸಮುದ್ರದ ಮಧ್ಯದ ತೈಲದ ರಿಗ್‌ನಲ್ಲಿ ದುಡಿಯುತ್ತಾರೆ, ಬಂದಾಗ ಬಂದರು. ಬೆಳಗಿನ ಈ ಎರಡು ಗಂಟೆ ಮಾತ್ರ ಎವ್ಲಿನ್ನರದ್ದು.

ಮನೆಮಾತು ಕೊಂಕಣಿ. ಕನ್ನಡ ಉಡುಪಿ ಹತ್ತಿರದ ಶಿರ್ವದ ಶಾಲೆಯಲ್ಲಿ ಕಲಿತದ್ದು. ದುಬೈಗೆ ಬಂದ ಮೇಲೆ ಕ್ಲಿನಿಕ್ಕಿನಲ್ಲಿ ಹಿಂದಿ, ರೋಗಿಗಳ ಜತೆ ಮುರುಕು ಅರಬಿ, ಮಗಳು ಅಲಿಶಾ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. "ಕನ್ನಡ ಮಾತಾಡ್ಲಿಕ್ಕೆ ಜನ ಇಲ್ಲ ಅಂತ ಈ ಕೆಲಸ ಹಿಡಿದದ್ದು. ಈಗ ಥಾಯ್ ಹುಡುಗರ ಬಾಯಲ್ಲಿ ಮಾತಾಡಿಸ್ತೇನೆ" ಎಂದು ನಗುತ್ತಾರೆ. ನಗು ಅರ್ಧಕ್ಕೇ ಆಕಳಿಕೆಯಾಗುತ್ತದೆ.

ಧಾರಾವಾಹಿಯ ಹೆಸರನ್ನೂ ಕಂಪನಿಯ ಹೆಸರನ್ನೂ ಬರೆಯಬಾರದು ಎಂಬುದು ಒಪ್ಪಂದ. ಕತೆ ಇಷ್ಟು. ನದಿತೀರದ ಗುಡಿಗಳಿಂದ ನಾಗನ ವಿಗ್ರಹಗಳು ಕಳುವಾಗುತ್ತವೆ, ಕದ್ದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ತನಿಖೆಗೆ ಬಂದ ಅಧಿಕಾರಿಗೆ ಒಬ್ಬ ಹುಡುಗ ಸಿಗುತ್ತಾನೆ. ಹಿಂದಿನ ಜನ್ಮದಲ್ಲಿ ತನ್ನನ್ನು ಮೋಸಗೊಳಿಸಿದ ಪ್ರೇಮಿ ಇವನೇ ಎಂದು ಹುಡುಗನಿಗೆ ಗೊತ್ತು, ಅಧಿಕಾರಿಗೆ ಗೊತ್ತಿಲ್ಲ. ಹುಡುಗ ಅವನನ್ನು ಹೆಸರು ಹಿಡಿದು ಕರೆದರೆ ಹಳೆಯ ಶಾಪ ಎಚ್ಚರಗೊಳ್ಳುತ್ತದೆ. ಅದಕ್ಕೇ ಕೊನೆಯ ಕಂತಿನವರೆಗೂ ‘ಪೀ’ ಎಂದೇ ಕರೆಯುತ್ತಾನೆ. ಇಬ್ಬರು ಗಂಡುಗಳ ಪ್ರೇಮಕತೆ, ಜತೆಗೆ ಪುರಾಣ, ಜತೆಗೆ ಕೊಲೆ. ನಾಗನ ಭಾಗವೇನೂ ಎವ್ಲಿನ್ನರಿಗೆ ಕಷ್ಟವಾಗಲಿಲ್ಲ. ಇಂಗ್ಲಿಷಿನವರು ಸರ್ಪದೇವತೆ, ಡ್ರ್ಯಾಗನ್ ಎಂದೆಲ್ಲ ಒದ್ದಾಡಿದ ಕಡೆ ಇವರು ‘ನಾಗ’ ಎಂದು ಬರೆದು ಮುಂದೆ ಹೋದರು. ಊರಲ್ಲಿ ಪಕ್ಕದ ಮನೆಯ ಅಂಬುಜಮ್ಮ ನಾಗರಪಂಚಮಿಗೆ ಕೊಡುತ್ತಿದ್ದ ಅರಸಿನ ಎಲೆಯಲ್ಲಿ ಬೇಯಿಸಿದ ಸಿಹಿ ಗಟ್ಟಿ ತಿಂದು ಬೆಳೆದವರಿಗೆ ನಾಗನನ್ನು ಯಾರೂ ವಿವರಿಸಬೇಕಿಲ್ಲ.

ಎಡವಿದ್ದು ‘ಪೀ’ಯಲ್ಲಿ. ಇಂಗ್ಲಿಷ್ ಅಡಿಬರಹದಲ್ಲಿ ಅದನ್ನು ಹಾಗೆಯೇ ಬಿಟ್ಟಿದ್ದರು. ಕನ್ನಡದಲ್ಲಿ ಬಿಡುವಂತಿಲ್ಲ. ತುಳುವಿನಲ್ಲಿ ಆ ಅಕ್ಷರಕ್ಕೆ ಹೇಲು ಎಂದರ್ಥ, ಕರಾವಳಿಯವರಿಗೆ ಅದನ್ನು ಹೇಳಬೇಕಾಗಿಲ್ಲ. "ಸಾಯುವವನ ಮುಖ ನೋಡಿ ಪೀ ಅಂತ ಬರೆದ್ರೆ ಉಡುಪಿಯಿಂದ ಕಾಸರಗೋಡಿನವರೆಗೆ ಎಲ್ಲರೂ ಮೂಗು ಮುಚ್ಚುದೇ" ಎನ್ನುತ್ತಾರೆ ಎವ್ಲಿನ್. ಕ್ಲಿನಿಕ್ಕಿನ ಕೆಳಗಿನ ಸಲೂನಿನಲ್ಲಿ ಕೆಲಸ ಮಾಡುವ ನೊಯ್ ಎಂಬ ಥಾಯ್ ಹುಡುಗಿಯನ್ನು ಕೇಳಿದರು. ಅಣ್ಣನಿಗೆ, ಅಕ್ಕನಿಗೆ, ವಯಸ್ಸಿನಲ್ಲಿ ದೊಡ್ಡವರಿಗೆ ಹೇಳುವ ಪದ ಎಂದಳು ಅವಳು. ಪ್ರೀತಿಸಿದವರಿಗೂ ಅದನ್ನೇ ಹೇಳುತ್ತಾರೆ ಎಂಬುದನ್ನು ಇವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಕಂತುಗಳು ಕೈಗೆ ಬರುವುದು ವಾರಕ್ಕೊಂದರಂತೆ, ಮುಂದೇನು ಎಂದು ಬರೆಯುವವರಿಗೂ ತಿಳಿದಿರುವುದಿಲ್ಲ. ಹೀಗೆ ಮೊದಲ ಕಂತಿನಿಂದಲೇ ‘ಅಣ್ಣ’ ಕೂತುಬಿಟ್ಟಿತು.

ಎಂಟನೆಯ ಕಂತಿನಲ್ಲಿ, ದೋಣಿಯ ಮೇಲೆ, ಇಬ್ಬರೂ ಮುತ್ತಿಟ್ಟುಕೊಂಡರು. ತಳದಲ್ಲಿ ಕನ್ನಡ ಸಾಲು ಬಂತು: ‘ಅಣ್ಣ, ನನ್ನನ್ನು ಬಿಟ್ಟು ಹೋಗಬೇಡಿ.’

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಆ ಚಿತ್ರ ಫೋನಿನಿಂದ ಫೋನಿಗೆ ಹಾರಿತು. ರಕ್ಷಾಬಂಧನದ ಶುಭಾಶಯ ಎಂದು ಯಾರೋ ಬರೆದರು. ಬರೆದವರು ಯಾರು, ಶಾಲೆಗೆ ಹೋಗಿದ್ದಾರಾ ಎಂದು ಕೇಳಿದರು. ಬೆಂಗಳೂರಿನಲ್ಲಿ ಕೂತು ಅಡಿಬರಹಗಳನ್ನು ಪರಿಶೀಲಿಸುವ ಮೆಲಿಸ್ಸಾ ಫೋನ್ ಮಾಡಿ, ಎಲ್ಲ ಕಂತುಗಳನ್ನೂ ತಿದ್ದಿ ಭಾನುವಾರದೊಳಗೆ ಕಳಿಸಬೇಕು, ಇಲ್ಲದಿದ್ದರೆ ಕೊನೆಯ ಕಂತನ್ನು ಯಂತ್ರ ಅನುವಾದಕ್ಕೆ ಹಾಕುತ್ತೇವೆ ಎಂದರು. ಯಂತ್ರ ಏನು ಬರೆಯುತ್ತದೆ ಎಂದು ಎವ್ಲಿನ್ ಆಗಲೇ ನೋಡಿ ಆಗಿದೆ. ಅದೂ ‘ಅಣ್ಣ’ ಎಂದೇ ಬರೆಯುತ್ತದೆ. ಇಂದು ಶುಕ್ರವಾರ.

ಬದಲಿ ಪದ ಹುಡುಕಿ ಅವರು ಸೋತಿದ್ದಾರೆ. ಹೆಸರು ಹಾಕಿದರೆ ಶಾಪದ ಕತೆಯೇ ಬಿದ್ದುಹೋಗುತ್ತದೆ. ‘ಸರ್’ ಎಂದರೆ ಠಾಣೆಯ ಪೇದೆ ಮಾತಾಡಿದ ಹಾಗೆ. ಒಂದು ದಿನ ‘ರೀ’ ಎಂದು ಹಾಕಿ ಮಗಳಿಗೆ ಓದಿ ಹೇಳಿದರಂತೆ. "ಮಮ್ಮಾ, ಹೀ ಈಸ್ ನಾಟ್ ಎ ಹೌಸ್‌ವೈಫ್" ಎಂದು ಅಲಿಶಾ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ.

ಬಾಂಗ್ ಆಗುತ್ತದೆ. ಎವ್ಲಿನ್ ಇಯರ್‌ಫೋನ್ ತೆಗೆದು ಕಣ್ಣಿಗೆ ಹನಿ ಔಷಧ ಬಿಟ್ಟುಕೊಳ್ಳುತ್ತಾರೆ. ಒಂದು ಪದಕ್ಕೆ ಇಷ್ಟು ಹಟ ಯಾಕೆ, ಯಂತ್ರಕ್ಕೆ ಕೊಟ್ಟು ಮಲಗಬಾರದೇ ಎಂದು ಕೇಳುತ್ತೇನೆ. ದಣಿದವರಿಗೆ ಕೇಳಬಾರದ ಪ್ರಶ್ನೆ, ಆದರೂ ಬಾಯಿಂದ ಬಂದುಬಿಡುತ್ತದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ: "ವಿಲ್ಸನ್ ನೋಡ್ತಾ ಇದ್ದಾನೆ."

ವಿಲ್ಸನ್ ಯಾರೆಂದು ಹೇಳಬೇಕಾದರೆ ಕಾನ್ರಾಡ್ ಬಗ್ಗೆ ಹೇಳಬೇಕು. ಕಾನ್ರಾಡ್ ಎವ್ಲಿನ್ನರ ಅಣ್ಣ. ಅಬುಧಾಬಿಯ ಹೋಟೆಲೊಂದರ ಫ್ರಂಟ್ ಆಫೀಸಿನಲ್ಲಿದ್ದರು. ವಿಲ್ಸನ್ ಅದೇ ಹೋಟೆಲಿನ ಬೇಕರಿಯಲ್ಲಿ. ಇಬ್ಬರೂ ಇಪ್ಪತ್ತು ವರ್ಷದ ಹತ್ತಿರ ಒಂದೇ ಫ್ಲ್ಯಾಟಿನಲ್ಲಿ ಬದುಕಿದರು. ಈ ದೇಶದಲ್ಲಿ ಅದಕ್ಕೆ ಒಂದು ಪದ ಸಿದ್ಧವಾಗಿದೆ: ರೂಮ್‌ಮೇಟ್. ಆ ಪದ ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ. ರಜೆಯ ದಿನ ಎವ್ಲಿನ್ ಮಗಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಹೋದರೆ ವಿಲ್ಸನ್ ಇಡ್ಲಿಯಂಥ ಸಾನ್ನ ಬೇಯಿಸಿ ಇಟ್ಟಿರುತ್ತಿದ್ದರು, ಕಾನ್ರಾಡ್ ಉಪ್ಪು ಕಡಿಮೆ ಎಂದು ಜಗಳ ತೆಗೆಯುತ್ತಿದ್ದರು. ಎವ್ಲಿನ್ನರಿಗೆ ಗೊತ್ತಿತ್ತೇ? "ಗೊತ್ತಿಲ್ಲದೆ ಎಂತ? ಕಣ್ಣು ಉಂಟಲ್ಲ" ಎನ್ನುತ್ತಾರೆ. ಬಾಯಿಬಿಟ್ಟು ಮಾತ್ರ ಯಾರೂ ಯಾರಿಗೂ ಹೇಳಲಿಲ್ಲ.

ಮೂರು ವರ್ಷದ ಹಿಂದೆ ಕಾನ್ರಾಡ್ ಹಾಸಿಗೆ ಹಿಡಿದರು. ಐಸಿಯು ಒಳಗೆ ಮನೆಯವರಿಗೆ ಮಾತ್ರ ಪ್ರವೇಶ. ಬಾಗಿಲಲ್ಲಿದ್ದ ಕಾವಲಿನವನು ವಿಲ್ಸನ್ನರನ್ನು ನೀನು ಯಾರು ಎಂದು ಕೇಳಿದ. ಇಪ್ಪತ್ತು ವರ್ಷ ಕಾಪಾಡಿದ ‘ರೂಮ್‌ಮೇಟ್’ ಆ ಬಾಗಿಲಲ್ಲಿ ಕೆಲಸಕ್ಕೆ ಬರಲಿಲ್ಲ. ವಿಲ್ಸನ್ ಬ್ರೆಡ್ಡಿನ ಚೀಲ ಹಿಡಿದುಕೊಂಡು ನಿಂತಿದ್ದರು. ಹಿಂದಿನಿಂದ ಬಂದ ಎವ್ಲಿನ್ ಹೇಳಿದರು: "ನಮ್ಮ ದೊಡ್ಡಣ್ಣ." ಬಾಗಿಲು ತೆರೆಯಿತು. ಆಮೇಲೆ ಕಾನ್ರಾಡ್ ಹೋಗುವವರೆಗೂ ವಿಲ್ಸನ್ ದಿನಾ ಅಣ್ಣನಾಗಿಯೇ ಒಳಗೆ ಹೋಗಿ ಬಂದರು. ದೇಹವನ್ನು ಊರಿಗೆ ಕಳಿಸುವಾಗಲೂ, ಅಬುಧಾಬಿಯ ಇಗರ್ಜಿಯಲ್ಲಿ ಪ್ರಾರ್ಥನೆಗೆ ಮೊದಲ ಬೆಂಚಿನಲ್ಲಿ ಕೂರುವಾಗಲೂ ಅದೇ ಪದ. ಆಮೇಲೆ ಅವರೂ ವೀಸಾ ರದ್ದು ಮಾಡಿಸಿಕೊಂಡು ಹೋದರು. ಈಗ ಊರಲ್ಲೊಂದು ಸಣ್ಣ ಬೇಕರಿ ಇಟ್ಟಿದ್ದಾರೆ. ಎವ್ಲಿನ್ ಬರೆದದ್ದನ್ನು ಒಂದೂ ಬಿಡದೆ ನೋಡುವ ಪ್ರೇಕ್ಷಕ ಅವರೊಬ್ಬರೇ.

ಎಂಟನೆಯ ಕಂತು ಬಂದ ಮರುದಿನ ವಿಲ್ಸನ್ ಒಂದು ಧ್ವನಿಸಂದೇಶ ಕಳಿಸಿದ್ದರು. ಎವ್ಲಿನ್ ಅದನ್ನು ನನಗೆ ಕೇಳಿಸುತ್ತಾರೆ. ಓವನ್ನಿನ ತಟ್ಟೆ ಎಳೆಯುವ ಸದ್ದು, ಒಂದು ಸಣ್ಣ ನಗು, ಕೊಂಕಣಿಯಲ್ಲಿ ಎರಡು ಮಾತು. ನನಗಾಗಿ ಅವರೇ ಕನ್ನಡ ಮಾಡುತ್ತಾರೆ: "ಇನ್ನೂ ಅಣ್ಣ ಅಂತಲೇ ಹೇಳ್ತಾ ಇದ್ದಿಯಲ್ಲ ಮಾರಾಯ್ತಿ. ಈಗ ಬಾಗಿಲಲ್ಲಿ ಯಾರೂ ನಿಂತಿಲ್ಲ."

ಎವ್ಲಿನ್ ಸಂದೇಶವನ್ನು ಇನ್ನೊಮ್ಮೆ ಹಾಕುತ್ತಾರೆ. ಈ ಸಲ ಅವರು ಕೇಳುತ್ತಿರುವುದು ಅರ್ಥವನ್ನಲ್ಲ. "ಎಲ್ಲ ಕನ್ನಡ ಮಾಡಿದೆ, ಒಂದು ಪದ ಹಾಗೇ ಬಿಟ್ಟೆ ನೋಡಿ" ಎನ್ನುತ್ತಾರೆ. ಮಾರಾಯ್ತಿ. ಗಂಡಸಾದರೆ ಮಾರಾಯ. ಕರಾವಳಿಯಲ್ಲಿ ಕೊಂಕಣಿ, ತುಳು, ಬ್ಯಾರಿ, ಕನ್ನಡ ಎಲ್ಲದರಲ್ಲೂ ಓಡಾಡುವ ಪದ. ಗೆಳೆಯನಿಗೂ ಹೇಳಬಹುದು, ಗಂಡನಿಗೂ ಹೇಳಬಹುದು, ಸಿಟ್ಟಿಗೂ ಆಗುತ್ತದೆ, ಸಂಕಟಕ್ಕೂ ಆಗುತ್ತದೆ. ಉಪ್ಪಿನ ಜಗಳದಲ್ಲಿ ವಿಲ್ಸನ್ ‘ತಿನ್ನು ಮಾರಾಯ’ ಎನ್ನುತ್ತಿದ್ದರಂತೆ. ಕಾನ್ರಾಡ್ ಕೊನೆಯುಸಿರೆಳೆದ ಮಧ್ಯಾಹ್ನ ಹಾಸಿಗೆಯ ಮೇಲೆ ಬಾಗಿ ವಿಲ್ಸನ್ ಹೇಳಿದ್ದೂ ಅದೊಂದನ್ನೇ. ಎವ್ಲಿನ್ ಪಕ್ಕದಲ್ಲೇ ನಿಂತಿದ್ದರು, ಆಗ ಅದು ಒಂದು ಪದ ಎಂದೇ ಅವರಿಗೆ ಅನಿಸಿರಲಿಲ್ಲ.

ಶನಿವಾರ ಮೆಲಿಸ್ಸಾ ಫೋನಿನಲ್ಲಿ ಸಿಗುತ್ತಾರೆ. ಮಂಗಳೂರು ಮೂಲದವರು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಕೆಟ್ಟವರಲ್ಲ. ಆದರೆ ‘ಮಾರಾಯ’ ಆಗುವುದಿಲ್ಲ ಎನ್ನುತ್ತಾರೆ. ಸಿನಿಮಾಗಳಲ್ಲಿ ಆ ಪದ ಬಂದರೆ ಜನ ನಗುತ್ತಾರೆ, ಮೊದಲೇ ನಕ್ಕಿದ್ದು ಸಾಕು, ಸಾವಿನ ದೃಶ್ಯದಲ್ಲಿ ಮತ್ತೆ ನಗಬೇಕೇ ಎಂಬುದು ಅವರ ಮಾತು. ಸುಳ್ಳಲ್ಲ ಎಂದು ನನಗೂ ಅನಿಸುತ್ತದೆ. ಕರಾವಳಿಯ ಮಾತನ್ನು ನಾವು ಹಾಸ್ಯಕ್ಕೆ ಮೀಸಲಿಟ್ಟು ಬಹಳ ಕಾಲವಾಯಿತು. ಎವ್ಲಿನ್ ದನಿ ಏರಿಸುವುದಿಲ್ಲ, ಏರಿಸುವಷ್ಟು ತ್ರಾಣವೂ ಇಲ್ಲ.

"ಎಲ್ಲ ಕಡೆ ಬೇಡ ಮೆಲಿಸ್ಸಾ. ಶುರುವಿನ ಕಂತುಗಳಲ್ಲಿ ಅಣ್ಣ ತೆಗೆದು ಬರೀ ‘ನೀವು’ ಇಡ್ತೇನೆ. ದೋಣಿ ಆದ ಮೇಲೆ ‘ನೀನು’. ಇಂಗ್ಲಿಷಲ್ಲಿ ಎರಡೂ ಒಂದೇ, ನಮ್ಮಲ್ಲಿ ಹತ್ತಿರ ಬಂದದ್ದು ಅಲ್ಲೇ ಗೊತ್ತಾಗ್ತದೆ. ಕೊನೆಗೆ ಒಂದೇ ಒಂದು ಸಲ ಮಾರಾಯ ಇರ್ಲಿ. ಅಷ್ಟೊತ್ತಿಗೆ ಯಾರೂ ನಗುದಿಲ್ಲ."

ನಮ್ಮ ಅಜ್ಜಿ ಮಾರಾಯ ಅಂತ ಹೇಳ್ತಿದ್ರು ಎನ್ನುತ್ತಾರೆ ಮೆಲಿಸ್ಸಾ, ಯಾರಿಗೆ ಎಂದು ಹೇಳುವುದಿಲ್ಲ. ಆಮೇಲೆ, ಒಂದೇ ತಾನೇ, ಇರಲಿ ಬಿಡಿ ಎಂದು ಫೋನ್ ಇಡುತ್ತಾರೆ. ಎವ್ಲಿನ್ ಆ ರಜೆಯಿಡೀ ಇಸ್ತ್ರಿ ಹಲಗೆಯ ಮುಂದೆ ಕೂತು ಕಂತಿನ ಮೇಲೆ ಕಂತು ‘ಅಣ್ಣ’ನನ್ನು ಹೆಕ್ಕಿ ಹೆಕ್ಕಿ ತೆಗೆಯುತ್ತಾರೆ. ಭಾನುವಾರ ಸಂಜೆ ಕಳಿಸಿ ಆದ ಮೇಲೆ ಖಲಾಸ್ ಎಂದು ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಾರೆ.

ವಿಲ್ಸನ್ನರ ವಿಷಯ ಬರೆಯಬಹುದೇ ಎಂದು ನಾನೇ ಅವರಿಗೆ ಫೋನ್ ಮಾಡುತ್ತೇನೆ. "ಬರೀರಿ. ಕಾನ್ರಾಡ್ ಹೋಗಿ ಆಯ್ತು, ನಾನು ಊರಿಗೆ ಬಂದಾಯ್ತು. ಇನ್ನು ನನ್ನ ವೀಸಾ ಯಾರು ಕ್ಯಾನ್ಸಲ್ ಮಾಡ್ತಾರೆ?" ಎನ್ನುತ್ತಾರೆ. ಎವ್ಲಿನ್ನರ ಕೋರಿಕೆ ಮಾತ್ರ ಬೇರೆ. ತಮ್ಮ ಕಟ್ಟಡದ ಹೆಸರು, ಕ್ಲಿನಿಕ್ಕಿನ ಹೆಸರು ಬೇಡ, ಹೊಟ್ಟೆಪಾಡು ಇಲ್ಲೇ ಉಂಟು ಎನ್ನುತ್ತಾರೆ.

ಕೊನೆಯ ಕಂತು ಬಂದ ಮರುದಿನ ಬೆಳಿಗ್ಗೆ ಮತ್ತೆ ಅದೇ ಅಡುಗೆಮನೆ. ಹಲಗೆಯ ಮೇಲೆ ಈಗ ಒಂದು ಟರ್ಕಿ ಧಾರಾವಾಹಿ. ಅದರಲ್ಲಿ ಎಲ್ಲರೂ ಗಂಡ ಹೆಂಡತಿ, ಅತ್ತೆ ಮಾವ, ಬಹಳ ಸಸಾರ ಎಂದು ಆಕಳಿಸುತ್ತಾರೆ. ನಾಗನ ಕತೆಗೆ ಯಾರೂ ನಕ್ಕಿಲ್ಲ. ಚೆನ್ನಾಗಿತ್ತು ಎಂದು ಯಾರೂ ಬರೆದೂ ಇಲ್ಲ. ಅಡಿಬರಹ ಸರಿಯಾಗಿದ್ದರೆ ಅದನ್ನು ಯಾರೂ ನೋಡುವುದಿಲ್ಲ, ಈ ಕೆಲಸದ ಹಣೆಬರಹವೇ ಅಷ್ಟು.

ಊರಿನಿಂದ ಮಾತ್ರ ಒಂದು ಚಿತ್ರ ಬಂದಿದೆ. ಬೇಕರಿಯ ಗೋಡೆಯ ಟಿವಿಯನ್ನು ನಿಲ್ಲಿಸಿ ತೆಗೆದದ್ದು. ನದಿ, ಕೆಸರು, ಬಾಗಿದ ಹುಡುಗ, ತಳದಲ್ಲಿ ಬಿಳಿಯ ಅಕ್ಷರದಲ್ಲಿ ‘ಮಾರಾಯ’. ಜತೆಗೆ ಒಂದು ಮಾತೂ ಇಲ್ಲ. ಎವ್ಲಿನ್ ಫೋನನ್ನು ನನ್ನ ಕೈಗೆ ಕೊಟ್ಟು ಸಿಂಕಿನ ಕಡೆ ತಿರುಗಿ ಲೋಟ ತೊಳೆಯುತ್ತಾರೆ. ಒಳಗಿನಿಂದ ಅಲಿಶಾ ಶರ್ಟಿಗೆ ಇಸ್ತ್ರಿ ಹಾಕಬೇಕು, ಹಲಗೆ ಬಿಟ್ಟುಕೊಡು ಎಂದು ಇಂಗ್ಲಿಷಿನಲ್ಲಿ ಕೂಗುತ್ತಾಳೆ.

"ಪರದೆಯಲ್ಲಿ ನಮ್ಮ ಹೆಸರೆಲ್ಲ ಎಲ್ಲಿಯೂ ಬರುದಿಲ್ಲ, ಬೇಡ" ಎನ್ನುತ್ತಾರೆ ಎವ್ಲಿನ್, ಲ್ಯಾಪ್‌ಟಾಪ್ ಮುಚ್ಚುತ್ತಾ. "ಆವತ್ತು ಆಸ್ಪತ್ರೆ ಬಾಗಿಲಲ್ಲಿ ಹೇಳಿದ್ದೂ ಅನುವಾದವೇ ಅಲ್ವಾ? ನಾನು ಮಾಡಿದ ಮೊದಲನೆಯದ್ದು. ಅದರ ತಿದ್ದುಪಡಿ ಈಗ ಕಳಿಸಿ ಆಯ್ತು."