ಫೋನಿಗೆ ನಾನು ಹಚ್ಚಿದ ಕಿವಿ

ಸವಿತಾ, ನಿನ್ನ ಫೋನು ನಿನ್ನ ಕೈಯಿಂದ ಹೋದದ್ದು ನನ್ನಿಂದ. ನಿನ್ನ ಅತ್ತೆ ಕಸಿದುಕೊಂಡಳು ಎಂದು ನೀನು ತಿಳಿದಿದ್ದೀಯ. ಕಸಿದ ಕೈ ಅವಳದು, ಆದರೆ ಅವಳ ತಲೆಯಲ್ಲಿ ಹುಳ ಬಿಟ್ಟವಳು ನಾನು. ಅದೂ ಸುಳ್ಳು ಹೇಳಿ — ತಿಳಿಯದೆ ಹೇಳಿದ್ದಲ್ಲ, ಸುಳ್ಳೆಂದು ಗೊತ್ತಿದ್ದೇ ಹೇಳಿದ್ದು.

ಆಮೇಲೆ ಅದೇ ಫೋನನ್ನು ನಾನೇ ನಿನಗೆ ವಾಪಸ್ ಕೊಡಿಸಿದೆ. ನೀನು ಬಗ್ಗಿ ನನ್ನ ಕಾಲು ಮುಟ್ಟಿದೆ. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. "ಇರ್ಲಿ, ಏಳವ್ವಾ" ಅಂದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ.

ನಾಲ್ಕನೆಯ ಇಯತ್ತೆ ಓದಿದವಳು ನಾನು, ಚೆಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಿನ್ನ ಮುಂದೆ ಕೂತು ಹೇಳಿದರೆ ನಡುವೆ ಎಲ್ಲೋ ನನಗೆ ಬೇಕಾದಂತೆ ತಿರುಗಿಸಿಬಿಡುತ್ತೇನೆ — ನನ್ನ ಬಾಯಿಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ನೀನು ನಿನ್ನ ತವರೂರು ತಂಬೂರಿನಿಂದ ನಮ್ಮ ಬಾಜು ಮನೆಗೆ ಸೊಸೆಯಾಗಿ ಬಂದು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಮೆಣಸಿನಕಾಯಿ ಒಣಗಿ ಮನೆಗೆ ಬಂದಿತ್ತು. ಅದರ ತೊಟ್ಟು ಬಿಡಿಸಲು ಓಣಿಯ ಹೆಂಗಸರು ಕೂಡುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಇವತ್ತು ನಮ್ಮ ಪಡಸಾಲೆ, ನಾಳೆ ಅವರದು. ಕೈ ಕೆಲಸದಲ್ಲಿರುತ್ತದೆ, ಬಾಯಿ ಖಾಲಿ ಇರುತ್ತದೆ. ನನಗೆ ಆ ಖಾಲಿ ಬಾಯಿಗಳದೇ ಹಬ್ಬ. ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು, ಯಾರ ಎಮ್ಮೆ ಯಾರನ್ನು ಒದೆಯಿತು, ಎಲ್ಲ ಸುದ್ದಿ ನನ್ನಿಂದಲೇ ಹೊರಡಬೇಕು. ಎಲ್ಲರೂ ನನ್ನ ಮುಖ ನೋಡಬೇಕು. ಅದು ನನ್ನ ಚಾಳಿ, ಮುಚ್ಚಿಡುವುದಿಲ್ಲ.

ಆ ಸಲ ಯಾರೂ ನನ್ನ ಮುಖ ನೋಡಲಿಲ್ಲ. ಒಬ್ಬೊಬ್ಬಳ ಮುಂದೆ ಒಂದೊಂದು ಫೋನು, ಚರಿಗೆಗೆ ಆನಿಸಿ ನಿಲ್ಲಿಸಿದ್ದು. ಒಂದರಲ್ಲಿ ಧಾರಾವಾಹಿ, ಒಂದರಲ್ಲಿ ಯಾವಳೋ ಹೋಳಿಗೆ ಮಾಡುತ್ತಾಳೆ, ಇನ್ನೊಂದರಲ್ಲಿ ಒಬ್ಬ ಗಂಡಸು ಜಗತ್ತೇ ಮುಳುಗುತ್ತದೆ ಎಂದು ಒದರುತ್ತಾನೆ. ಖಾರದ ಕೈ ಹಚ್ಚಬಾರದೆಂದು ನನ್ನ ಗೆಳತಿ ಖಾತೂನಬಿ ಮೂಗಿನ ತುದಿಯಿಂದ ಫೋನು ಸರಿಸುತ್ತಿದ್ದಳು. ನಾನು ಒಂದು ಮಾತು ತೆಗೆದೆ.

"ತಡಿಯ ನೀಲವ್ವಾ, ಇದೊಂದ ಮುಗೀಲಿ," ಅಂದಳು.

ನನ್ನ ಪಡಸಾಲೆಯಲ್ಲಿ ಕೂತು, ನನ್ನ ಚಹಾ ಕುಡಿದು, ನನಗೇ ತಡಿ! ಆ ಸಿಟ್ಟು ಮನಸ್ಸಿನಲ್ಲಿ ಉಳಿಯಿತು.

ಫೋನು ನನಗೂ ಇತ್ತು. ಓದುವುದಕ್ಕಿಂತ ಮೈಕಿನ ಗುರುತು ಒತ್ತಿ ಕೇಳುವುದು ನನಗೆ ಸಲೀಸು. ಆ ವಾರ ಮಂಡಿ ಹಿಡಿದಿದ್ದವು. ಮಂಡಿಗೆ ಯಾವ ಎಣ್ಣೆ, ಮಂಡಿಗೆ ಯಾವ ಪಟ್ಟಿ ಎಂದು ಅದನ್ನೇ ಒತ್ತಿ ಒತ್ತಿ ಕೇಳಿದ್ದೆ. ಆಮೇಲೆ ಎಲ್ಲಿ ಮುಟ್ಟಿದರೂ ಮಂಡಿಯದೇ ಜಾಹೀರಾತು. ನಾನು ಕೇಳಿದ್ದಕ್ಕೆ ಬಂದದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಎಲ್ಲರೂ ಕೂತಾಗ ಫೋನು ಎತ್ತಿ ತೋರಿಸಿದೆ.

"ನೋಡ್ರಿಲ್ಲೆ. ಮಂಡಿ ನೋಯತಾವ ಅಂತ ನಿನ್ನೆ ಒಲಿ ಮುಂದ ನಮ್ಮ ಮನಿಯವರಿಗಿ ಅಂದೆ, ಅಷ್ಟ. ಫೋನ ಗೂಟದಾಗಿನ ಚೀಲದಾಗಿತ್ತು. ಮುಟ್ಟಿಲ್ಲ, ಒತ್ತಿಲ್ಲ. ಮುಂಜಾನೆದ್ದು ನೋಡ್ತೇನಿ, ಬರೇ ಮಂಡಿ ಪಟ್ಟಿ!"

"ಯಾ ಅಲ್ಲಾ," ಖಾತೂನಬಿ ಕೈಯ ಕಾಯಿ ಕೆಳಗಿಟ್ಟಳು. "ಅಂದ್ರ ಚೀಲದಾಗ ಕುಂತ ಕೇಳಸ್ಕೊಂತೈತೇನ ಅದು?"

"ಮತ್ತ? ನೀ ಮೊನ್ನಿ ನಿನ್ನ ನಾದಿನಿಗಿ ಬೈದೀ ಅಲ್ಲಾ, ಅದೂ ಹೋಗಿರ್ತೈತಿ ತಗೋ."

ಅವಳು ಗಡಬಡಿಸಿ ಫೋನು ಬೋರಲು ಹಾಕಿದಳು.

"ಡಬ್ಬ ಹಾಕಿದ್ರ ಕಿವಿ ಮುಚ್ಚತೈತೇನ ಹುಚ್ಚೀ? ಒಳಗ ಒಯ್ದಿಡು."

ಎಲ್ಲರ ಫೋನೂ ಒಂದು ಬುಟ್ಟಿಗೆ ಬಿದ್ದವು. ಬುಟ್ಟಿ ಜೋಳದ ಚೀಲಗಳ ಕೋಣೆಗೆ ಹೋಯಿತು, ಮೇಲೆ ಒಂದು ಕೌದಿ ಹೊದಿಸಿದೆವು. ಹೊರಗೆ ಬಂದು ಕೂತೆವು ನೋಡು — ಆಹಾ, ಎಂಥ ಮಾತು, ಎಂಥ ನಗು! ಆ ಮಧ್ಯಾಹ್ನದ ಸುಖ ನನಗೆ ಈಗಲೂ ನೆನಪಿದೆ. ಸುಳ್ಳಿನಿಂದ ಬಂದ ಸುಖವೂ ಸುಖವೇ. ಇಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಅಲ್ಲಿಗೇ ಬಿಟ್ಟಿದ್ದರೆ... ಬಿಡಲಿಲ್ಲ. ದಿನಕ್ಕೊಂದು ಸೇರಿಸಿದೆ. ಫೋನು ಬಂದ್ ಮಾಡಿದರೂ ಕೇಳುತ್ತದೆ ಅಂದೆ. ಕ್ಯಾಮೆರಾ ತಾನೇ ಕಣ್ಣು ತೆರೆಯುತ್ತದೆ ಅಂದೆ. ಫೋನು ಖರೇನೇ ನಮ್ಮ ಮಾತು ಕೇಳುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಲಿತವರೂ ಒಬ್ಬರು ಹೌದು, ಒಬ್ಬರು ಇಲ್ಲ ಅನ್ನುತ್ತಾರೆ. ಫೋನಿಗೆ ಹೊಸ ಆ್ಯಪ್ ಏನಾದರೂ ಹಾಕಿಕೊಂಡರೆ ಅದು ಫೋಟೋ ನೋಡಲೇ, ಮೈಕು ತೆರೆಯಲೇ ಎಂದು ಕೇಳುತ್ತದೆ. ನಾವು ಓದದೆ ಒಪ್ಪಿಗೆ ಒತ್ತುತ್ತೇವೆ. ಅಂಜುವುದಾದರೆ ಆ ಒತ್ತುವ ಬೆರಳಿಗೆ ಅಂಜಬೇಕು. ಅಷ್ಟು ಹೇಳಿದ್ದರೆ ತಪ್ಪಿರಲಿಲ್ಲ. ಆದರೆ "ಗೊತ್ತಿಲ್ಲ" ಅನ್ನುವ ಮುದುಕಿಯ ಸುತ್ತ ಯಾರು ಕೂಡುತ್ತಾರೆ? ಫೋನಿನೊಳಗೆ ಒದರುವ ಆ ಗಂಡಸಿಗೆ ಬೈಯುತ್ತಿದ್ದೆನಲ್ಲ — ನಾನೂ ಅವನೂ ಒಂದೇ. ಗಟ್ಟಿಯಾಗಿ ಹೇಳಿದರೆ ಜನ ನಂಬುತ್ತಾರೆ, ಇಬ್ಬರಿಗೂ ಅದು ಗೊತ್ತಿತ್ತು.

ಒಂದು ದಿನ ನಿನ್ನ ಅತ್ತೆ ಚನ್ನವ್ವ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಅವಳ ಮಗಳಿಗೆ ಆಗ ಸಂಬಂಧದ ಮಾತು ನಡೆದಿತ್ತು, ನಿನಗೆ ಗೊತ್ತು.

"ನೀಲಕ್ಕಾ, ಖರೇ ಹೇಳು. ಮನ್ಯಾಗ ಆಡಿದ್ದು ಹೊರಗ ಹೋಗ್ತೈತೇನ? ನಮ್ಮ ಸವಿತಾ ಫೋನ್ ಅಡಿಗಿಮನ್ಯಾಗ ಇಟ್ಕೊಂಡಿರ್ತಾಳ. ನಾವಿಲ್ಲೆ ಕೊಡೂದು ತಗೊಳ್ಳೂದು ಮಾತಾಡ್ತೇವಿ."

ಅವಳು ಹೆದರಿ ಬಂದಿದ್ದಳು. ಅವಳೊಬ್ಬಳ ಮುಂದೆ ನಿಜ ಹೇಳಬಹುದಿತ್ತು, ಅಲ್ಲಿ ಬೇರೆ ಯಾರೂ ಇರಲಿಲ್ಲ. ನನಗೆ ಅವಳ ಹೆದರಿಕೆ ನೋಡಿ — ಹೇಗೆ ಬರೆಯಲಿ — ಹಿಗ್ಗಾಯಿತು. ಚನ್ನವ್ವ ಯಾವತ್ತೂ ನನ್ನನ್ನು ಏನೂ ಕೇಳಿದವಳಲ್ಲ.

"ಹೋಗ್ತೈತಿ," ಅಂದೆ. "ನಿಮ್ಮ ಒಲಿ ಹತ್ತಿದ್ದು ಸೈತ ಗೊತ್ತಾಗ್ತೈತಿ. ಮತ್ತ ಅಕಿ ಮಧ್ಯಾಹ್ನ ಹಿತ್ತಲದಾಗ ಫೋನಿನ ಮುಂದ ಕೈ ಕುಣಸ್ಕೋತ ಕುಂತಿರ್ತಾಳಲ್ಲ, ಅದನೂ ಊರ ಮಂದಿ ನೋಡ್ತಿರ್ತೈತಿ."

ನೀನು ರೀಲ್ಸ್ ಮಾಡುತ್ತೀ ಎಂದುಕೊಂಡಿದ್ದೆ. ಗೋಡೆಯ ಈಚೆಯಿಂದ ದಿನಾ ಕಾಣುತ್ತಿತ್ತು: ಒಗೆಯುವ ಕಲ್ಲಿನ ಮೇಲೆ ಫೋನು, ಮುಂದೆ ನೀನು, ಬೆರಳು ಆಡಿಸುತ್ತೀ, ಕೆನ್ನೆ ಮುಟ್ಟಿಕೊಳ್ಳುತ್ತೀ, ಬಾಯಿ ಮುಚ್ಚಿಕೊಂಡು ನಗುತ್ತೀ. ಯಾಕೆ ಎಂದು ನಾನು ಒಂದು ದಿನವೂ ನಿನ್ನನ್ನು ಕೇಳಲಿಲ್ಲ. ನಿನ್ನ ತವರಿನಲ್ಲಿ ಯಾರು ಯಾರಿದ್ದಾರೆ ಎಂದೂ ಕೇಳಿರಲಿಲ್ಲ.

ಮರುದಿನ ನಿನ್ನ ಫೋನು ಚನ್ನವ್ವನ ಟ್ರಂಕಿಗೆ ಹೋಯಿತು. ನಿನ್ನ ಕೈಗೆ ಗುಂಡಿ ಒತ್ತುವ ಹಳೆಯ ಫೋನು ಬಂತು. "ಅವ್ವನ ಜೋಡಿ ಮಾತಾಡಾಕ ಸಾಕಲ್ಲ," ಎಂದು ಅವಳು ಹೇಳಿದ್ದು ನನಗೂ ಕೇಳಿಸಿತು. ನಿನ್ನ ಗಂಡನ ಫೋನು ಅವನ ಟೆಂಪೋದ ಜೊತೆ ಊರೂರು ತಿರುಗುತ್ತಿತ್ತು. ಮನೆಗೆ ಬಂದಾಗ ಅದನ್ನು ಕೇಳಿ ಪಡೆಯುವಷ್ಟು ಸಲಿಗೆ ನಿನಗೆ ಇನ್ನೂ ಇರಲಿಲ್ಲ. ನೀನು ಏನೂ ಅನ್ನಲಿಲ್ಲ. ಸುಮ್ಮನಿದ್ದೀ ಎಂದರೆ ದೊಡ್ಡ ನಷ್ಟವೇನೂ ಇಲ್ಲ ಎಂದುಕೊಂಡೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ನಾನು ಗೋಡೆಯ ಮೇಲೆ ಸೌತೆಬಳ್ಳಿ ಹಬ್ಬಿಸುತ್ತಿದ್ದೆ. ನೀನು ಅದೇ ಕಲ್ಲಿನ ಮೇಲೆ ಕೂತಿದ್ದೆ. ಆ ಹಳೆಯ ಫೋನಿನ ದನಿ ಜೋರು, ನಿನ್ನ ಅವ್ವ ಮಾತಾಡಿದ್ದೆಲ್ಲ ಗೋಡೆ ದಾಟಿ ಬಂತು.

"ಎಡಗೈ ಎದಿ ಮ್ಯಾಲ ಇಟ್ಕೊಂಡಾಳ ನೋಡವಾ. ಈಗ ಬಾಗಲಾ ತೋರಸ್ತಾಳ. ಮತ್ತ ಎರಡ ಬೆರಳ ಹಣಿಗಿ ಹಚ್ಚಿ ಹಿಂಗ ಕೆಳಗ ಎಳದ್ಲು."

ನೀನು ಫೋನನ್ನು ಭುಜದಿಂದ ಕಿವಿಗೆ ಒತ್ತಿಕೊಂಡು, ಅವ್ವ ಹೇಳಿದ್ದನ್ನು ನಿನ್ನ ಕೈಯಿಂದ ಮಾಡಿ ನೋಡಿದೆ. ಎದೆ, ಬಾಗಿಲು, ಹಣೆ. ಇನ್ನೊಮ್ಮೆ. ಎದೆ, ಬಾಗಿಲು, ಹಣೆ.

"ಏನ ಅಂತಾಳ ನಿನ್ನ ತಂಗಿ? ನನಗ ತಿಳೀವಲ್ದು," ಎಂದಳು ನಿನ್ನ ಅವ್ವ.

"ನನ್ನ ಮ್ಯಾಲ ಸಿಟ್ಟಾಗಿ ಹೋದಿಯೇನು ಅಂತ ಕೇಳ್ತಾಳಬೇ. ಇಲ್ಲ ಅಂತ ಹೇಳ ಗೀತಾಗ."

"ನಾ ಹೇಳಿದ್ರ ನಂಬಬೇಕಲ್ಲ ಅಕಿ? ದಿನಾ ಇದ ಹೊತ್ತಿಗಿ ಫೋನ್ ಮುಂದ ಇಟ್ಕೊಂಡು ಕುಂತಿರ್ತಾಳ. ನಿನ್ನ ಮಾರಿ ನೋಡಬೇಕಂತ."

ಆಗ ತಿಳಿಯಿತು ನನಗೆ. ನಿನ್ನ ತಂಗಿ ಗೀತಾಗೆ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ. ನೀವಿಬ್ಬರೂ ಸಣ್ಣವರಿದ್ದಾಗ ಕಟ್ಟಿಕೊಂಡ ಕೈಮಾತು ಹೆತ್ತವ್ವನಿಗೂ ಪೂರ್ತಿ ತಿಳಿಯುವುದಿಲ್ಲ. ಅದಕ್ಕೆ ಇದ್ದದ್ದು ಆ ಒಂದು ಫೋನು, ಮುಖ ತೋರಿಸುವ ಫೋನು. ಊರಿನ ಫೋನುಗಳೆಲ್ಲ ಕದ್ದು ಕೇಳುತ್ತವೆ ಎಂದು ನಾನು ಸಾರಿದೆ. ಇಡೀ ಓಣಿಯಲ್ಲಿ ಯಾವ ಕಿವಿಯೂ ಕೇಳಲಾರದ ಮಾತು ಅಂದರೆ ನಿಮ್ಮಿಬ್ಬರದು. ನಿಂತುಹೋದದ್ದು ಅದೊಂದೇ. ಉಳಿದವರೆಲ್ಲ ಕೌದಿ ಸರಿಸಿ ಫೋನು ತೆಗೆದುಕೊಂಡು ಯಾವಾಗಲೋ ಮನೆಗೆ ಹೋಗಿದ್ದರು.

ಆವತ್ತೇ ಸಂಜೆ ಚನ್ನವ್ವನ ಮನೆಗೆ ಹೋದೆ. ತಪ್ಪು ಒಪ್ಪಿಕೊಳ್ಳಲು ಹೋದೆ ಎಂದು ಬರೆಯುವ ಆಸೆ ಆಗುತ್ತದೆ. ಹಾಗಲ್ಲ.

"ಚನ್ನವ್ವಾ, ಹೊಸಾ ಸಾಫ್ಟ್‌ವೇರ್ ಬಂದೈತಿ," ಅಂದೆ. "ಅಪ್‌ಡೇಟ್ ಮಾಡಿದ್ರ ಫೋನಿನ ಕಿವಿ ಮುಚ್ಚತೈತಂತ. ತಾ ಇಲ್ಲೆ, ನಾ ಮಾಡಿ ಕೊಡ್ತೇನಿ."

ಚಾರ್ಜ್ ಹಚ್ಚಿ ತೆರೆದರೆ ಅದರಲ್ಲಿ ಖರೇನೇ ಒಂದು ಅಪ್‌ಡೇಟ್ ಕಾದು ಕೂತಿತ್ತು. ಒತ್ತಿದೆ. ಗುಂಡಗೆ ತಿರುಗಿತು, ತಿರುಗಿತು, ನಿಂತಿತು. ಚನ್ನವ್ವ ಕಣ್ಣು ಬಿಟ್ಟು ನೋಡುತ್ತಿದ್ದಳು. "ಈಗ ಕಿವುಡ ಆತು," ಎಂದು ಹೇಳಿ ನಿನ್ನ ಕೈಗೆ ಕೊಟ್ಟೆ. ಆ ಮನೆಯಲ್ಲಿ ನಿಂತು ಆ ಶಬ್ದ ಆಡಿದೆ, ನಿನ್ನ ಎದುರಿಗೆ. ನಿನ್ನ ಮುಖ ಒಂದು ಗಳಿಗೆ ಸಣ್ಣದಾಯಿತು. ಆದರೂ ನೀನು ಬಗ್ಗಿ ನನ್ನ ಕಾಲು ಮುಟ್ಟಿದೆ.

ಖಾತೂನಬಿ ಒಬ್ಬಳಿಗೆ ವಾಸನೆ ಬಡಿದಿತ್ತು. "ಕಿವಿ ಹಚ್ಚಿದಾಕೀನೂ ನೀನ, ಕಿತ್ತಾಕೀನೂ ನೀನ. ಹೊಲಿಗಿ ಮಷಿನ್ ಇಟ್ಟಿದ್ರ ಅಗದಿ ಚಲೋ ನಡೀತಿತ್ತಲೇ ನಿಂದು," ಎಂದು ನಕ್ಕಳು. ನಾನೂ ನಕ್ಕೆ. ನಕ್ಕರೆ ಮಾತು ಮುಂದೆ ಹೋಗುವುದಿಲ್ಲ.

ಆಮೇಲೆ ಎಲ್ಲವೂ ಒಳ್ಳೆಯದೇ ಆಯಿತು. ಚನ್ನವ್ವನ ಮಗಳಿಗೆ ಸಂಶಿಯಲ್ಲಿ ಒಳ್ಳೆಯ ಮನೆ ಸಿಕ್ಕಿತು. ನೀನು ದಿನಾ ಮಧ್ಯಾಹ್ನ ಒಗೆಯುವ ಕಲ್ಲಿನ ಮುಂದೆ ಕೂತು ನಗುತ್ತೀ. ಗೀತಾ ಪಂಚಮಿಗೆ ಬಂದಾಗ ಚೌಕಾಬಾರಾದಲ್ಲಿ ನನ್ನನ್ನು ಸೋಲಿಸುತ್ತಾಳೆ, ಅದೂ ಮೋಸ ಮಾಡಿ. ಅವಳು ನನಗೆ ಇಟ್ಟ ಹೆಸರೂ ಗೊತ್ತಾಗಿದೆ: ನಾಲ್ಕು ಬೆರಳು ಹೆಬ್ಬೆರಳು ಕೂಡಿಸಿ ಕೊಕ್ಕಿನ ಹಾಗೆ ಬಡಬಡ ಆಡಿಸುವುದು. ಸರಿಯಾಗಿಯೇ ಇಟ್ಟಿದ್ದಾಳೆ. ನನಗೂ ಏನೂ ಕಡಿಮೆ ಇಲ್ಲ. ಬಿಸಿ ರೊಟ್ಟಿ ಸಿಗುತ್ತದೆ, ಮಂಡಿಗಳು ಹೇಗೋ ನಡೆಸುತ್ತವೆ, ಮಾತಾಡಲು ಜನ ಇದ್ದಾರೆ. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೋಗಿಬಿಡಬಹುದಿತ್ತು.

ಆದರೆ ಹೋದ ವಾರ ನಮ್ಮ ಹೆಂಗಸರ ಸಂಘದ ಫೋನಿನ ಗುಂಪಿನಲ್ಲಿ ಒಂದು ದನಿಯ ಮೆಸೇಜು ಬಂತು. ಯಾವಳೋ ಗುರುತಿಲ್ಲದ ಹೆಂಗಸು, ಬೇರೆ ಸೀಮೆಯ ಮಾತು. ಒಬ್ಬ ಅಜ್ಜಿ ಒಲೆಯ ಮುಂದೆ ಗಂಡನ ಹತ್ತಿರ ಬೆನ್ನು ನೋವು ಎಂದಳಂತೆ, ಫೋನು ಗೂಟಕ್ಕೆ ತೂಗಿದ ಚೀಲದಲ್ಲಿ ಇತ್ತಂತೆ, ಬೆಳಗಾದರೆ ಬೆನ್ನಿನ ಪಟ್ಟಿಯ ಜಾಹೀರಾತಂತೆ. ಮಂಡಿ ಹೋಗಿ ಬೆನ್ನಾಗಿದೆ. ಉಳಿದದ್ದೆಲ್ಲ ನನ್ನದೇ — ಆ ಗೂಟ, ಆ ಚೀಲ. ಕೊನೆಗೆ ಆ ಹೆಂಗಸು ಹೇಳುತ್ತಾಳೆ: "ಆದ್ದರಿಂದ ಮನೆಯ ಸೊಸೆಯಂದಿರ ಕೈಯಲ್ಲಿ ಫೋನು ಕೊಡಬೇಡಿ." ಅದು ನಾನು ಹೇಳಿದ್ದಲ್ಲ. ಆದರೆ ನನ್ನ ಸುಳ್ಳಿನ ಮೇಲೆಯೇ ನಿಂತಿದೆ. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಮೇಲೆ ಎರಡು ಬಾಣ, ಬಹಳ ಕೈ ದಾಟಿ ಬಂದಿದೆ ಎಂಬ ಗುರುತು.

ಎಷ್ಟು ಟ್ರಂಕುಗಳಲ್ಲಿ ಎಷ್ಟು ಫೋನು ಬಿದ್ದಿವೆಯೋ. ಅವುಗಳ ಆ ಕಡೆ ಯಾರು ಕಾದು ಕೂತಿದ್ದಾರೋ... ಅಪ್‌ಡೇಟ್ ಎಂದು ಹೇಳಿಕೊಂಡು ಅಷ್ಟು ಮನೆಗೆ ನಾನು ಹೋಗಲಾರೆ.

ಗುಂಪಿಗೆ ನಾನೇ ಮೈಕು ಒತ್ತಿ, ಹೆಸರು ಊರು ಹೇಳಿ, ಇದು ನಾನು ಕಟ್ಟಿದ ಸುಳ್ಳು ಎಂದು ಹಾಕುತ್ತೇನೆ. ಅದು ಇಷ್ಟು ದೂರ ಹೋಗುವುದಿಲ್ಲ, ನನಗೆ ಗೊತ್ತಿದೆ. ಮುದುಕಿ ಒಪ್ಪಿಕೊಂಡದ್ದನ್ನು ಯಾರು ಮುಂದೆ ಕಳಿಸುತ್ತಾರೆ? ಆದರೂ ಹಾಕುತ್ತೇನೆ. ಚನ್ನವ್ವನಿಗೂ ಅವಳ ಮನೆಯಲ್ಲೇ ಹೇಳುತ್ತೇನೆ. ಅವಳು ಬೈದರೆ ಬೈಸಿಕೊಳ್ಳುತ್ತೇನೆ.

ಅದಕ್ಕೂ ಮೊದಲು ಇನ್ನೊಂದು ಇದೆ. ನಾಳೆ ಮಧ್ಯಾಹ್ನ ನೀನು ಗೀತಾಗೆ ಫೋನು ಹಚ್ಚಿದಾಗ ನಾನು ನಿನ್ನ ಬಾಜು ಬಂದು ಕೂಡುತ್ತೇನೆ. ಆ ದಿನಗಳಲ್ಲಿ ಅವಳ ಅಕ್ಕ ಯಾಕೆ ಮುಖ ತೋರಿಸಲಿಲ್ಲ ಎಂದು ಹೇಳುತ್ತೇನೆ. ಅದನ್ನು ನಿನ್ನ ಕೈಯಿಂದ ಅವಳಿಗೆ ಹೇಳು. ನಾನು ವಯಸ್ಸಾದವಳು ಎಂದು ಏನೂ ಬಿಡಬೇಡ, ಏನೂ ಮೆತ್ತಗೆ ಮಾಡಬೇಡ. ಅವಳು ಏನು ಅಂದರೂ ಅದನ್ನೂ ನನಗೆ ಹಾಗೇ ಹೇಳು. ನಾನು ಸುಮ್ಮನೆ ಕೂತು ಕೇಳುತ್ತೇನೆ.